ವೋಚರ್ ಇರುವ ಮಾತು

ಕ್ಯಾಂಪಸ್ ಸಂದರ್ಶನದ ದಿನ ಬಿ.ಕಾಂ., ಬಿ.ಬಿ.ಎ. ಕೊನೆಯ ವರ್ಷದ ಮಕ್ಕಳು ಕಾಲೇಜಿನ ಕಾರಿಡಾರಿನಲ್ಲಿ ಸಾಲಾಗಿ ಕೂತಿರುತ್ತಾರೆ. ಕೈಯಲ್ಲಿ ಫೈಲು, ತುಟಿಯ ಮೇಲೆ ಬಾಯಿಪಾಠ. ಒಳಗೆ ಹೋದವರಿಗೆಲ್ಲ ಮೊದಲ ಪ್ರಶ್ನೆ ಒಂದೇ: ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’. ಉತ್ತರವೂ ಹೆಚ್ಚುಕಡಿಮೆ ಒಂದೇ. ‘ಮೈಸೆಲ್ಫ್’ ಎಂದು ಶುರುವಾಗಿ ಹೆಸರು, ‘ಮೈ ನೇಟಿವ್’ ಎಂದು ಊರು, ಅಪ್ಪನ ಉದ್ಯೋಗ, ಅಮ್ಮ ಗೃಹಿಣಿ, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು, ಪಿಯುಸಿಯಲ್ಲಿ ಇಷ್ಟು. ಕೊನೆಗೆ ‘ಹಾರ್ಡ್ ವರ್ಕರ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್’. ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಎದುರಿಗಿದ್ದವರು ಇದನ್ನೇ ಆ ದಿನ ನಲವತ್ತು ಸಲ ಕೇಳಿರುತ್ತಾರೆ.

ಹೀಗೆ ಒಪ್ಪಿಸಿ ಹೊರಗೆ ಬಂದ ಒಬ್ಬ ವಿದ್ಯಾರ್ಥಿನಿಯನ್ನು ಒಮ್ಮೆ ಕನ್ನಡದಲ್ಲಿ ಮಾತಾಡಿಸಿದೆ. ಅವಳ ಅಮ್ಮ ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಮಗಳು ಪಿಯುಸಿಯಿಂದಲೇ ಡೈರಿಯ ಲೆಕ್ಕ ಬರೆಯುತ್ತಿದ್ದಳು. ಬೆಳಗ್ಗೆ ಯಾರು ಎಷ್ಟು ಲೀಟರ್ ಹಾಕಿದರು, ಸಂಜೆ ಎಷ್ಟು, ಫ್ಯಾಟು ಎಷ್ಟು ಬಂತು, ಯಾರ ಬಟವಾಡೆಯಲ್ಲಿ ಪಶು ಆಹಾರದ ಹಣ ಹಿಡಿಯಬೇಕು, ಎಲ್ಲವೂ ಅವಳ ಕೈಯಲ್ಲಿತ್ತು. ಒಂದು ಸಲ ತಾಳೆಯಾಗದೆ ಉಳಿದ ಲೆಕ್ಕವನ್ನು ಎರಡು ರಾತ್ರಿ ಕೂತು ಹುಡುಕಿ ಸರಿಮಾಡಿದ್ದಳು. ‘ಇದನ್ನು ಒಳಗೆ ಯಾಕೆ ಹೇಳಲಿಲ್ಲಮ್ಮ?’ ಎಂದು ಕೇಳಿದೆ. ‘ಅದೇನ್ ಸಾರ್ ಹೇಳೋದು, ಮನೆ ಕೆಲಸ ಅಲ್ವಾ’ ಎಂದಳು.

ಅವಳಿಗೆ ಇಂಗ್ಲಿಷ್ ಸಾಲದು ಎಂದು ಸಂದರ್ಶಕರು ಬರೆದುಕೊಂಡಿದ್ದರು. ಅವಳೂ ಹಾಗೇ ತಿಳಿದಿದ್ದಳು. ಅವಳಿಗೆ ಕಲಿಸಿದ ನಾನೂ ಬಹುಕಾಲ ಹಾಗೇ ನಂಬಿದ್ದೆ. ಈಗ ನನಗೆ ಅನ್ನಿಸುವುದೇ ಬೇರೆ. ತಾನು ಮಾಡಿದ ಕೆಲಸ ನಾಲ್ಕು ಜನರ ಮುಂದೆ ಹೇಳತಕ್ಕದ್ದು ಎಂಬುದನ್ನು ಅವಳಿಗೆ ಯಾವ ಭಾಷೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಗ್ಲಿಷಿನ ಕೊರತೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ನಿಜವಾಗಿ ಇಂಗ್ಲಿಷಿನದು, ಎಷ್ಟು ಪಾಲು ಈ ಕೊರತೆಯದು? ವಾಣಿಜ್ಯ ವಿದ್ಯಾರ್ಥಿಗಳಿಗೆ ಮಂಡನೆಯ ಕಲೆಯನ್ನೂ ತಮ್ಮ ಅರ್ಹತೆಯನ್ನು ತಾವೇ ಮುಂದಿಡುವ ಕಲೆಯನ್ನೂ ಇಂಗ್ಲಿಷಿನಲ್ಲಿ ಕಲಿಸುವ ಇಡೀ ಉದ್ಯಮವನ್ನು ಈ ಪ್ರಶ್ನೆ ಇಟ್ಟುಕೊಂಡೇ ನೋಡಬೇಕು.

ಸಂಬಳದ ಕೆಲಸಕ್ಕೆ ಬೇಕಾದ ವಿದ್ಯೆಯೆಂದು ಭಾಷಣವನ್ನು ಕಲಿಸುವ ರೂಢಿ ಬಲವಾಗಿ ಬೆಳೆದದ್ದು ಅಮೆರಿಕದಲ್ಲಿ. ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನ ವೈ.ಎಂ.ಸಿ.ಎ.ಯಲ್ಲಿ ದುಡಿಯುವ ಜನರಿಗೆ ಭಾಷಣದ ತರಗತಿ ಶುರುಮಾಡಿದರು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬಲ್ಲಿ, ಅಲ್ಲೂ ವೈ.ಎಂ.ಸಿ.ಎ. ಕಟ್ಟಡದಲ್ಲೇ, ರಾಲ್ಫ್ ಸ್ಮೆಡ್ಲಿ ಟೋಸ್ಟ್‌ಮಾಸ್ಟರ್ಸ್ ಕೂಟ ಕಟ್ಟಿದರು. ಆ ಕೂಟದ ಪದ್ಧತಿ ಇಂದಿಗೂ ಸರಳ. ಒಬ್ಬರು ಮಾತಾಡುತ್ತಾರೆ, ಒಬ್ಬರು ಗಡಿಯಾರ ನೋಡುತ್ತಾರೆ, ಒಬ್ಬರು ‘ಆಂ, ಊಂ’ಗಳನ್ನು ಎಣಿಸುತ್ತಾರೆ, ಒಬ್ಬರು ವಿಮರ್ಶೆ ಹೇಳುತ್ತಾರೆ. ಮುಂದೆ 1987ರಲ್ಲಿ ಪವರ್‌ಪಾಯಿಂಟ್ ಬಂತು, ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಆಮೇಲೆ ಮಂಡನೆ ಎಂದರೆ ಸ್ಲೈಡು ಎಂದಾಯಿತು.

ನಮ್ಮಲ್ಲಿ ಈ ಕತೆ ಬೇರೆ ದಾರಿ ಹಿಡಿಯಿತು. ಕಪಿಲ್ ದೇವ್ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದ ರ್‍ಯಾಪಿಡೆಕ್ಸ್ ಪುಸ್ತಕವನ್ನು ಕೊಂಡು ಇಂಗ್ಲಿಷ್ ಕಲಿಯಲು ಹೊರಟ ತಲೆಮಾರೊಂದಿದೆ. 1991ರ ಆರ್ಥಿಕ ಉದಾರೀಕರಣದ ನಂತರ ಬೆಂಗಳೂರಿಗೆ ಕಂಪನಿಗಳು ಬಂದವು, ಕಾಲ್ ಸೆಂಟರುಗಳು ಬಂದವು, ಉಚ್ಚಾರ ತಿದ್ದುವ ತರಬೇತುದಾರರು ಬಂದರು. ‘ಸಾಫ್ಟ್ ಸ್ಕಿಲ್ಸ್’ ಎಂಬ ಮಾತು ಜಿಲ್ಲಾ ಕೇಂದ್ರಗಳ ಕಾಲೇಜಿನವರೆಗೂ ತಲುಪಿತು. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ‘ಜೀವನ ಕೌಶಲ’ ಎಂಬ ಪಠ್ಯಕ್ರಮವನ್ನೇ ಪದವಿ ತರಗತಿಗಳಿಗೆಂದು ಹೊರತಂದಿತು. ಸಂವಹನ, ಸ್ವವಿವರ, ಸಂದರ್ಶನ, ಗುಂಪು ಚರ್ಚೆ ಎಲ್ಲ ಅದರಲ್ಲಿವೆ.

ಒಂದು ವ್ಯತ್ಯಾಸ ಮಾತ್ರ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಕಾರ್ನೆಗಿಯ ತರಗತಿಗೆ ಬಂದವರು ಎದ್ದು ನಿಂತು ಮಾತಾಡಲು ಹೆದರುತ್ತಿದ್ದರು, ಅಷ್ಟೆ. ಅವರು ಆಡಬೇಕಾದ ಭಾಷೆ ಅವರ ದಿನನಿತ್ಯದ ಭಾಷೆಯೇ ಆಗಿತ್ತು. ನಮ್ಮ ಮಕ್ಕಳ ಮೇಲೆ ನಾವು ಎರಡು ಪಾಠಗಳನ್ನು ಒಟ್ಟಿಗೆ ಹೊರಿಸಿದೆವು: ಎದ್ದು ನಿಂತು ಮಾತಾಡು, ಅದನ್ನೂ ಇಂಗ್ಲಿಷಿನಲ್ಲಿ ಮಾತಾಡು. ಎರಡರಲ್ಲಿ ಯಾವುದು ಕೈಕೊಟ್ಟಿತು ಎಂದು ತಿಳಿಯುವ ದಾರಿಯೇ ಇಲ್ಲದಂತಾಯಿತು. ಹಾಗಾಗಿ ತಪ್ಪೆಲ್ಲ ಇಂಗ್ಲಿಷಿನ ಲೆಕ್ಕಕ್ಕೆ ಹೋಯಿತು.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ‘ಸೆಲ್ಫ್ ಪ್ರಮೋಷನ್’ ಎಂಬುದಕ್ಕೆ ಕನ್ನಡದಲ್ಲಿ ಪದ ಹುಡುಕಿದರೆ ಸಿಗುವುದೆಲ್ಲ ಬೈಗುಳದ ಪಕ್ಕದಲ್ಲಿರುವ ಮಾತುಗಳೇ: ಆತ್ಮಪ್ರಶಂಸೆ, ಬಡಾಯಿ, ಜಂಬ, ಕೊಚ್ಚಿಕೊಳ್ಳುವುದು. ಮಹಾಭಾರತದ ಕರ್ಣಪರ್ವದಲ್ಲಿ ಗಾಂಡೀವವನ್ನು ಹೀಗಳೆದ ಧರ್ಮರಾಯನ ಮೇಲೆ ಅರ್ಜುನ ಕತ್ತಿ ಎತ್ತುವ ಪ್ರಸಂಗವಿದೆ. ಹಿರಿಯನನ್ನು ಏಕವಚನದಲ್ಲಿ ನಿಂದಿಸಿದರೆ ಅದೇ ಕೊಂದಂತೆ ಎಂದು ಹೇಳಿ ಕೃಷ್ಣ ಅವನ ಪ್ರತಿಜ್ಞೆ ಉಳಿಸುತ್ತಾನೆ. ಅಣ್ಣನನ್ನು ನಿಂದಿಸಿದ ಪಶ್ಚಾತ್ತಾಪದಲ್ಲಿ ಅರ್ಜುನ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ, ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ ಎನ್ನುತ್ತಾನೆ. ಇಂಥ ಕತೆ ಕೇಳಿ ಬೆಳೆದ ನಾಡು ನಮ್ಮದು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಮನೆಯಲ್ಲಿ ಹೇಳಿಸಿಕೊಂಡ ಮಗು, ಸ್ವಲ್ಪ ಹೆಚ್ಚು ಮಾತಾಡಿದರೆ ‘ಉತ್ತರನ ಪೌರುಷ ಒಲೆ ಮುಂದೆ’ ಎಂದು ಅನ್ನಿಸಿಕೊಂಡ ಮಗು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಪರಿಚಿತರ ಎದುರು ಕೂತು ತನ್ನ ಹಿರಿಮೆಯನ್ನು ತಾನೇ ಹೇಳಬೇಕು. ಆ ನಾಲಿಗೆ ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ. ಆ ಸಂಕೋಚವನ್ನು ನಾನು ದೋಷವೆಂದು ಕರೆಯಲಾರೆ. ಅದರ ಹಿಂದೆ ಒಂದು ಮರ್ಯಾದೆಯಿದೆ.

ವಿದ್ವಾಂಸರು ಈ ವಿಷಯವನ್ನು ಬಹಳ ಹಿಂದೆಯೇ ಮುಟ್ಟಿದ್ದಾರೆ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1956ರಲ್ಲೇ ದಿನನಿತ್ಯದ ಬದುಕಿನಲ್ಲಿ ನಾವೆಲ್ಲ ರಂಗದ ಮೇಲಿನ ಪಾತ್ರಗಳಂತೆ ನಮ್ಮನ್ನು ತೋರಿಸಿಕೊಳ್ಳುತ್ತೇವೆ ಎಂದು ವಿವರಿಸಿದರು. ಮನಶ್ಶಾಸ್ತ್ರಜ್ಞರಾದ ಜೋನ್ಸ್ ಮತ್ತು ಪಿಟ್‌ಮನ್ 1982ರಲ್ಲಿ ಹೀಗೆ ತೋರಿಸಿಕೊಳ್ಳುವ ಐದು ಬಗೆಗಳನ್ನು ವಿಂಗಡಿಸಿದರು. ಮೆಚ್ಚಿಸಲು ನೋಡುವುದು ಒಂದು ಬಗೆಯಾದರೆ, ತಾನು ಸಮರ್ಥ ಎಂದು ಮನಗಾಣಿಸುವುದು ಇನ್ನೊಂದು. ನಮ್ಮ ವಿದ್ಯಾರ್ಥಿಗಳು ಸಂದರ್ಶನದಲ್ಲಿ ಹೆಚ್ಚಾಗಿ ಹಿಡಿಯುವುದು ಮೊದಲನೆಯದನ್ನು: ವಿನಯ, ‘ಸಾರ್, ಒಂದು ಅವಕಾಶ ಕೊಡಿ’ ಎಂಬ ಧಾಟಿ. ಎದುರಿಗಿರುವವರು ಹುಡುಕುತ್ತಿರುವುದು ಎರಡನೆಯದನ್ನು. ವಿಜಯ್ ಭಾಟಿಯಾ 1993ರ ತಮ್ಮ ಪುಸ್ತಕದಲ್ಲಿ ವ್ಯಾಪಾರದ ಮಾರಾಟ ಪತ್ರ ಮತ್ತು ಕೆಲಸದ ಅರ್ಜಿ ಒಂದೇ ಕುಟುಂಬದ ಬರವಣಿಗೆ, ಎರಡರ ಕಟ್ಟೋಣವೂ ಒಂದೇ ಎಂದು ಬಿಡಿಸಿ ತೋರಿಸಿದರು. ಉಪಯುಕ್ತವಾದ ಮಾತು ಅದು. ಆದರೆ ತರಬೇತುದಾರರ ಬಾಯಲ್ಲಿ ಇಂಥ ವಿಚಾರ ‘ಸೆಲ್ ಯುವರ್‌ಸೆಲ್ಫ್’ ಎಂಬ ಘೋಷಣೆಯಾಗಿ ಇಳಿದಿದೆ. ನಿನ್ನನ್ನು ನೀನು ಮಾರಿಕೋ ಎಂಬ ಮಾತು ಕನ್ನಡದ ಕಿವಿಗೆ ಎಷ್ಟು ಕಹಿ ಎಂದು ಅವರು ಯೋಚಿಸುವುದಿಲ್ಲ.

ವಾಣಿಜ್ಯದ ಮಕ್ಕಳಿಗೆ ಅವರ ಶಾಸ್ತ್ರದಲ್ಲೇ ಇದಕ್ಕಿಂತ ಒಳ್ಳೆಯ ಮಾತಿದೆ: ವೋಚರ್. ಲೆಕ್ಕಪುಸ್ತಕದಲ್ಲಿ ಯಾವ ನಮೂದಿಗೂ ಆಧಾರ ಬೇಕು. ರಸೀದಿಯಿಲ್ಲದ ಖರ್ಚನ್ನು ಆಡಿಟರ್ ಒಪ್ಪುವುದಿಲ್ಲ. ‘ಐ ಆಮ್ ಎ ಹಾರ್ಡ್ ವರ್ಕರ್’ ಎಂಬುದು ವೋಚರ್ ಇಲ್ಲದ ನಮೂದು. ‘ಫಾರ್ ಫೋರ್ ಇಯರ್ಸ್ ಐ ಕೆಪ್ಟ್ ದಿ ಅಕೌಂಟ್ಸ್ ಆಫ್ ಅವರ್ ವಿಲೇಜ್ ಡೈರಿ’ ಎಂಬುದಕ್ಕೆ ವೋಚರ್ ಇದೆ. ಎರಡನೆಯ ವಾಕ್ಯದಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಹೈಸ್ಕೂಲು ದಾಟಿದ ಯಾರಿಗೂ ಬಾರದ ಪದ ಒಂದೂ ಇಲ್ಲ. ಆದರೂ ಕೇಳಿದವರು ತಲೆ ಎತ್ತಿ ನೋಡುತ್ತಾರೆ, ಮುಂದಿನ ಪ್ರಶ್ನೆ ಕೇಳುತ್ತಾರೆ. ಸಂದರ್ಶನದ ಕೈಪಿಡಿಗಳಲ್ಲಿ ‘ಸ್ಟಾರ್’ ಎಂದು ಕಲಿಸುವ ಕ್ರಮ ಇದೇ: ಸನ್ನಿವೇಶ ಏನಿತ್ತು, ನಿನ್ನ ಪಾಲಿನ ಹೊಣೆ ಯಾವುದು, ಏನು ಮಾಡಿದೆ, ಫಲ ಏನಾಯಿತು. ಇದು ಆತ್ಮಪ್ರಶಂಸೆಯಲ್ಲ, ಲೆಕ್ಕ ಒಪ್ಪಿಸುವುದು. ಹೀಗೆಂದು ಹೇಳಿದ ದಿನದಿಂದ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಲ್ಲತೊಡಗಿದರು. ಅಡಿಕೆ ಮಂಡಿಯಲ್ಲಿ ತೂಕ ಬರೆದವನು, ಅಣ್ಣನ ಮೊಬೈಲ್ ಅಂಗಡಿಯಲ್ಲಿ ಕೂತವನು, ಮದುವೆಗಳಿಗೆ ಅಡುಗೆಯವರನ್ನು ಹೊಂದಿಸಿಕೊಟ್ಟವನು, ಎಲ್ಲರ ಹತ್ತಿರವೂ ವೋಚರ್‌ಗಳಿದ್ದವು. ತೋರಿಸಬಹುದು ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಇಲ್ಲೇ ಭಾಷೆಯ ಒಂದು ಸೂಕ್ಷ್ಮವೂ ಅಡಗಿದೆ. ಕನ್ನಡದಲ್ಲಿ ‘ಬರೆದೆ, ಹುಡುಕಿದೆ, ಸರಿಮಾಡಿದೆ’ ಎಂದರೆ ಸಾಕು, ಮಾಡಿದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ‘ನಾನು ಬರೆದೆ, ನಾನು ಹುಡುಕಿದೆ, ನಾನು ಸರಿಮಾಡಿದೆ’ ಎಂದು ಪ್ರತಿ ಸಲ ಹೇಳಿದರೆ ಅದು ಅಹಂಕಾರದ ಮಾತಾಗಿ ಕೇಳುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಶಕ್ತಿಯಿಲ್ಲದ್ದರಿಂದ ಪ್ರತಿ ವಾಕ್ಯಕ್ಕೂ ‘ಐ’ ಬೇಕೇ ಬೇಕು. ನಮ್ಮ ಮಕ್ಕಳು ಆ ‘ಐ’ಗೆ ಅಂಜಿ ‘ವಿ’ ಎನ್ನುತ್ತಾರೆ. ಒಬ್ಬಳೇ ಮಾಡಿದ ಸಮೀಕ್ಷೆಯೂ ‘ವಿ ಡಿಡ್ ಎ ಸರ್ವೆ’ ಆಗುತ್ತದೆ. ಇಂಗ್ಲಿಷಿನ ‘ಐ’ ಕನ್ನಡದ ‘ನಾನು’ವಿನಷ್ಟು ಭಾರವಾದ ಪದವಲ್ಲ, ಅದು ‘ಬರೆದೆ’ಯಲ್ಲಿರುವ ‘ಎ’ಕಾರದಷ್ಟೇ ಹಗುರ ಎಂದು ಒಮ್ಮೆ ತಿಳಿಸಿದರೆ ಸಾಕು, ಆ ಅಂಜಿಕೆ ಬಹುಮಟ್ಟಿಗೆ ಹೋಗುತ್ತದೆ.

ಯಾವ ಇಂಗ್ಲಿಷ್ ಕಲಿಸಬೇಕು ಎಂಬ ಪ್ರಶ್ನೆಯ ಮೇಲೆ ದೊಡ್ಡ ಚರ್ಚೆಯೇ ನಡೆದಿದೆ. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷಿನ ಲೋಕವನ್ನು ಮೂರು ವೃತ್ತಗಳಾಗಿ ವಿಂಗಡಿಸಿ, ಭಾರತದ ಇಂಗ್ಲಿಷಿಗೂ ತನ್ನದೇ ಆದ ನ್ಯಾಯಬದ್ಧ ಸ್ಥಾನವಿದೆ ಎಂದು ವಾದಿಸಿದರು. ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಇನ್ನೂ ಪ್ರಾಯೋಗಿಕವಾದ ಪ್ರಶ್ನೆ ಎತ್ತಿಕೊಂಡರು. ಬೇರೆ ಬೇರೆ ಮಾತೃಭಾಷೆಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವ ಉಚ್ಚಾರದೋಷದಿಂದ ಅರ್ಥ ಕೆಡುತ್ತದೆ, ಯಾವುದರಿಂದ ಕೆಡುವುದಿಲ್ಲ? ‘ದಿಸ್’, ‘ಥಿಂಕ್’ಗಳಲ್ಲಿ ನಾಲಿಗೆಯನ್ನು ಹಲ್ಲಿನ ನಡುವೆ ತರುವ ಸದ್ದು ಅಷ್ಟು ಮುಖ್ಯವಲ್ಲ ಎಂದು ಅವರು ತೀರ್ಮಾನಿಸಿದರು. ಮುಖ್ಯವೆಂದು ಅವರು ಹೇಳಿದವುಗಳಲ್ಲಿ ಎರಡು, ಸ್ವರಗಳ ಹ್ರಸ್ವದೀರ್ಘದ ಭೇದ ಮತ್ತು ವಾಕ್ಯದಲ್ಲಿ ಮುಖ್ಯವಾದ ಪದದ ಮೇಲೆ ಬೀಳುವ ಒತ್ತು.

ಇದನ್ನು ಓದಿದಾಗ ನನಗೆ ತುಂಬ ಸಂತೋಷವಾಯಿತು. ಹ್ರಸ್ವದೀರ್ಘ ಕನ್ನಡದ ಮಕ್ಕಳಿಗೆ ಕಾಗುಣಿತದಲ್ಲೇ ಬಂದಿದೆ. ‘ಶಿಪ್’ ಮತ್ತು ‘ಶೀಪ್’ ವ್ಯತ್ಯಾಸಕ್ಕೆ ಎಷ್ಟೋ ಭಾಷೆಗಳವರು ಒದ್ದಾಡುತ್ತಾರೆ, ನಮ್ಮವರಿಗೆ ಅದು ಇಳಿ ಮತ್ತು ಈಳಿಯಷ್ಟು ಸಲೀಸು. ಕಷ್ಟವಾಗುವುದು ಒತ್ತು. ಕನ್ನಡ ಈ ಕೆಲಸವನ್ನು ‘ಏ’ ಹಚ್ಚಿ ಮಾಡುತ್ತದೆ: ‘ನಾನೇ ಬರೆದೆ’, ‘ಲೆಕ್ಕವನ್ನೇ ಬರೆದೆ’, ‘ನಿನ್ನೆಯೇ ಬರೆದೆ’. ಇಂಗ್ಲಿಷ್ ಪದವನ್ನು ಬದಲಿಸದೆ ದನಿಯಲ್ಲಿ ಒತ್ತುತ್ತದೆ. ಆದ್ದರಿಂದ ತರಗತಿಯಲ್ಲಿ ನಾನು ಹೇಳುವುದು ಇಷ್ಟೇ: ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಆಡಿಕೊಳ್ಳಿ, ‘ಏ’ ಎಲ್ಲಿ ಬಿತ್ತೋ ಅಲ್ಲಿ ಇಂಗ್ಲಿಷಿನಲ್ಲಿ ದನಿ ಎತ್ತಿ. ‘ಎಂ’ ಬದಲು ‘ಯೆಂ’, ‘ಓನ್ಲಿ’ ಬದಲು ‘ವೋನ್ಲಿ’ ಎಂದು ಬರುವುದನ್ನು ತಿದ್ದುತ್ತಾ ಇಡೀ ಸೆಮಿಸ್ಟರ್ ಕಳೆಯುವುದು ಬೇಡ. ತಿದ್ದಿದಷ್ಟೂ ಮಕ್ಕಳು ಬಾಯಿ ಮುಚ್ಚುತ್ತಾರೆ.

ಕ್ರಮದ ವಿಷಯದಲ್ಲಿ ಮಾತ್ರ ನಮ್ಮ ಅಭ್ಯಾಸವನ್ನು ಬದಲಿಸಿಕೊಳ್ಳಲೇಬೇಕು. ನಾವು ಹಿನ್ನೆಲೆ ಹೇಳಿ, ಕಾರಣಗಳನ್ನೆಲ್ಲ ಜೋಡಿಸಿ, ಕೊನೆಗೆ ತೀರ್ಮಾನಕ್ಕೆ ಬರುತ್ತೇವೆ. ವ್ಯವಹಾರದ ಇಂಗ್ಲಿಷ್ ತೀರ್ಮಾನವನ್ನು ಮೊದಲು ಕೇಳುತ್ತದೆ. ಮೆಕಿನ್ಸಿ ಕಂಪನಿಯಲ್ಲಿದ್ದ ಬಾರ್ಬರಾ ಮಿಂಟೋ ಇದನ್ನು ಪಿರಮಿಡ್ ತತ್ವವೆಂದು ಹೆಸರಿಟ್ಟು ಕಲಿಸಿದರು: ಉತ್ತರ ಶಿಖರದಲ್ಲಿ, ಕಾರಣಗಳು ಅದರ ಕೆಳಗೆ. ಹತ್ತು ನಿಮಿಷ ಮಾತ್ರ ಇರುವ ಸಭೆಯಲ್ಲಿ ಒಂಬತ್ತು ನಿಮಿಷ ಹಿನ್ನೆಲೆ ಹೇಳಿದರೆ ಒಳ್ಳೆಯ ಪ್ರಸ್ತಾವವೂ ಸೋಲುತ್ತದೆ.

ಈ ಕ್ಷೇತ್ರದಲ್ಲಿ ತಪ್ಪು ಪಾಠಗಳೂ ಬೇಕಾದಷ್ಟು ಓಡಾಡುತ್ತಿವೆ. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇಕಡ 7, ದನಿಯದು 38, ಮುಖಭಾವದ್ದು 55 ಎಂಬ ಸ್ಲೈಡನ್ನು ನೋಡದ ವಿದ್ಯಾರ್ಥಿ ವಿರಳ. ಇದು ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ನಡೆಸಿದ ಪ್ರಯೋಗಗಳಿಂದ ಬಂದದ್ದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಆಡಿದವರ ಇಷ್ಟ ಅನಿಷ್ಟ ಏನಿರಬಹುದೆಂದು ಊಹಿಸಲು ಹೇಳಿದ ಪ್ರಯೋಗಗಳವು. ಭಾವನೆಗಳನ್ನು ಬಿಟ್ಟು ಬೇರೆ ಮಾತಿಗೆ ಈ ಲೆಕ್ಕ ಹೊಂದುವುದಿಲ್ಲ ಎಂದು ಮೆಹ್ರೇಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ಪದಗಳಿಗೆ ಬೆಲೆ ಶೇಕಡ 7 ಮಾತ್ರ ಎಂದು ನಂಬಿದ ಮಗು ಹೇಳಬೇಕಾದ ವಿಷಯವನ್ನು ಸಿದ್ಧಮಾಡುವುದನ್ನೇ ಬಿಡುತ್ತದೆ. ಮೈ ಅಗಲಿಸಿ ಗತ್ತಿನ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ಧೈರ್ಯದ ಹಾರ್ಮೋನು ಏರುತ್ತದೆ ಎಂಬ 2010ರ ಸಂಶೋಧನೆಯೂ ಹೀಗೇ. ಮತ್ತೆ ಪರೀಕ್ಷಿಸಿದಾಗ ಹಾರ್ಮೋನಿನ ಫಲಿತಾಂಶ ನಿಲ್ಲಲಿಲ್ಲ. ಅದರ ಮೊದಲ ಲೇಖಕಿ ಡೇನಾ ಕಾರ್ನಿ 2016ರಲ್ಲಿ ಆ ಪರಿಣಾಮವನ್ನು ತಾವೇ ನಂಬುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ನಮ್ಮ ಕಾರ್ಯಾಗಾರಗಳಲ್ಲಿ ಅದು ಇನ್ನೂ ನಡೆದೇ ಇದೆ.

ಸ್ಲೈಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯಲ್ಲಿ ಹೇಳುವುದನ್ನೇ ಪರದೆಯ ಮೇಲೂ ಪೂರ್ತಿ ಬರೆದರೆ ಕಲಿಕೆ ಕುಗ್ಗುತ್ತದೆ ಎಂದು ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಪರದೆಯತ್ತ ತಿರುಗಿ ಓದುವ ವಿದ್ಯಾರ್ಥಿಗೆ ಸ್ಲೈಡು ನಿಜವಾಗಿ ಅಡಗಿಕೊಳ್ಳುವ ಗೋಡೆ. ಗೋಡೆ ಬೇಕೆನಿಸುವುದು ಹೆದರಿಕೆಯಿಂದ. ಆದ್ದರಿಂದ ಹೆದರಿಕೆಯ ಕಡೆಗೇ ನೋಡಬೇಕು.

ಪರಭಾಷೆಯ ತರಗತಿಯಲ್ಲಿ ಹುಟ್ಟುವ ಅಂಜಿಕೆ ಬೇರೆಯೇ ಜಾತಿಯದು ಎಂದು ಹೊರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಗುರುತಿಸಿದರು. ಬೇರೆ ಕಡೆ ಧೈರ್ಯವಾಗಿ ಮಾತಾಡುವವರೂ ಅಲ್ಲಿ ಕುಗ್ಗುತ್ತಾರೆ. ತನ್ನ ಬುದ್ಧಿಗಿಂತ ತೀರ ಚಿಕ್ಕದಾದ ಭಾಷೆಯಲ್ಲಿ ತಾನು ಕಾಣಿಸಿಕೊಳ್ಳುತ್ತಿದ್ದೇನೆ ಎಂಬ ನಾಚಿಕೆ ಅದು. ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಕಂಡುಕೊಂಡ ಸಣ್ಣ ಉಪಾಯವೊಂದು ನನಗೆ ಹಿಡಿಸಿದೆ: ‘ಶಾಂತವಾಗಿರು’ ಎಂದು ಹೇಳಿಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಎದೆ ಹೊಡೆದುಕೊಳ್ಳುವುದನ್ನು ನಿಲ್ಲಿಸುವುದು ಕಷ್ಟ, ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ.

ಹೆಣ್ಣುಮಕ್ಕಳ ಹೊರೆ ಇದರ ಮೇಲೆ ಇನ್ನೊಂದು. ತಮ್ಮ ಸಾಮರ್ಥ್ಯವನ್ನು ನೇರವಾಗಿ ಹೇಳಿಕೊಳ್ಳುವ ಹೆಂಗಸರನ್ನು ಜನ ಸಮರ್ಥರೆಂದು ಒಪ್ಪಿದರೂ ಕಡಿಮೆ ಇಷ್ಟಪಡುತ್ತಾರೆ ಎಂದು ಲಾರಿ ರುಡ್‌ಮನ್ 1998ರಲ್ಲಿ ತೋರಿಸಿದರು. ಕ್ರಿಸ್ಟೀನ್ ಎಕ್ಸ್‌ಲಿ ಮತ್ತು ಜಡ್ ಕೆಸ್ಲರ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡಸರಷ್ಟೇ ಅಂಕ ಪಡೆದ ಹೆಂಗಸರು ತಮ್ಮ ಅಂಕ ಎಷ್ಟೆಂದು ಗೊತ್ತಿದ್ದಾಗಲೂ ತಮ್ಮ ಸಾಧನೆಯನ್ನು ಕಡಿಮೆ ಮಾಡಿ ಹೇಳಿದರು. ಅಮೆರಿಕದ ಅಧ್ಯಯನಗಳಿವು. ‘ಮನೆ ಕೆಲಸ ಅಲ್ವಾ’ ಎಂದ ನನ್ನ ವಿದ್ಯಾರ್ಥಿನಿಯ ಮಾತನ್ನು ಕೇಳಿದ ಮೇಲೆ ನಮ್ಮಲ್ಲಿ ಇದು ಕಡಿಮೆಯಿದೆ ಎಂದು ನಾನು ನಂಬಲಾರೆ. ಹೆಣ್ಣುಮಕ್ಕಳಿಗೆ ಇನ್ನಷ್ಟು ಧೈರ್ಯ ಹೇಳಿದರೆ ಸಾಲದು. ಎದುರು ಕೂತು ಅಂಕ ಹಾಕುವವರೂ ಕಲಿಯಬೇಕಾದದ್ದಿದೆ.

ಮಾತಿನ ವಿದ್ಯೆಯಲ್ಲಿ ನಾವು ಬಡವರೂ ಅಲ್ಲ. ಕರಾವಳಿ ಮಲೆನಾಡುಗಳ ತಾಳಮದ್ದಲೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅರ್ಥ ಹೇಳುತ್ತಾನೆ. ಮೊದಲು ಪೀಠಿಕೆ: ತಾನು ಯಾರು, ಎಲ್ಲಿಂದ ಬಂದವನು, ಈಗ ಎದುರಿಗಿರುವ ಸಂಕಟವೇನು. ಆಮೇಲೆ ಎದುರಾಳಿಯ ವಾದ ಕೇಳಿ ಆ ಕ್ಷಣವೇ ಉತ್ತರ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಈ ಮಾತಿನ ಬಲದಿಂದಲೇ ಮನೆಮಾತಾದವರು. ಆತ್ಮಪರಿಚಯ, ವಾದ, ಪ್ರತಿವಾದ, ಸಮಯದ ಅರಿವು ಎಲ್ಲವೂ ಇರುವ ಪಾಠಶಾಲೆ ಇದು. ಪೀಠಿಕೆಯಲ್ಲಿ ಅರ್ಥಧಾರಿ ಹೇಳುವುದು ಪಾತ್ರದ ಹಿರಿಮೆಯನ್ನು, ತನ್ನದನ್ನಲ್ಲ ಎಂಬುದು ನಿಜ. ಹಾಗಿದ್ದರೂ ಆಧಾರ ಕೊಟ್ಟು ಮಾತಾಡುವ ಶಿಸ್ತು ಒಂದೇ. ಬಿ.ಬಿ.ಎ. ತರಗತಿಯಲ್ಲಿ ಒಂದು ಕಂಪನಿಯ ಪಾತ್ರ ವಹಿಸಿ ಪೀಠಿಕೆ ಹೇಳಿ ಎಂದು ಕನ್ನಡದಲ್ಲಿ ಶುರುಮಾಡಿಸಿದರೆ, ಮುಂದಿನ ವಾರ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು ಅಷ್ಟು ಭಯಂಕರವಾಗಿ ಉಳಿಯುವುದಿಲ್ಲ. ಹೇಳಲು ಏನಿದೆ ಎಂಬುದು ಆಗಲೇ ಗೊತ್ತಿರುತ್ತದೆ, ಉಳಿಯುವುದು ಪದ ಹುಡುಕುವ ಕೆಲಸವೊಂದೇ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ವಿದ್ಯಾರ್ಥಿಗಳ ಸ್ವವಿವರಗಳಲ್ಲಿ ವ್ಯಾಕರಣದ ತಪ್ಪುಗಳು ಬಹುಪಾಲು ಮಾಯವಾಗಿವೆ. ಅದರ ಜೊತೆಗೆ ಬರೆದವರೂ ಮಾಯವಾಗಿದ್ದಾರೆ, ಎಲ್ಲರದ್ದೂ ಒಂದೇ ದನಿ. ಒಳ್ಳೆಯ ಇಂಗ್ಲಿಷ್ ಹೀಗೆ ಕೈಗೆಟುಕುವಂತಾದ ಮೇಲೆ ಬೆಲೆ ಉಳಿದಿರುವುದು ವೋಚರಿಗೆ, ಮತ್ತು ಎದುರು ನಿಂತು ಅದನ್ನು ವಿವರಿಸುವ ಬಾಯಿಗೆ.

ಆದರೆ ಆ ಬಾಯಿಯನ್ನು ನಾವು ಪರೀಕ್ಷಿಸುವುದೇ ಇಲ್ಲ. ಕರ್ನಾಟಕದ ಪದವಿ ಕಾಲೇಜುಗಳಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪಠ್ಯಕ್ರಮ ಎರಡು ಸಲ ಬದಲಾದರೂ ನಾನು ಕಂಡ ಪ್ರಶ್ನೆಪತ್ರಿಕೆಗಳಲ್ಲಿ ಸಂವಹನದ ಪರೀಕ್ಷೆ ಎಂದರೆ ಬರವಣಿಗೆಯೇ. ಪರಿಣಾಮಕಾರಿ ಮಂಡನೆಯ ಐದು ಲಕ್ಷಣಗಳನ್ನು ಬರೆಯಿರಿ, ಆಂಗಿಕ ಭಾಷೆಯ ಬಗ್ಗೆ ಟಿಪ್ಪಣಿ ಬರೆಯಿರಿ. ಒಂದು ಸಲವೂ ಎದ್ದು ನಿಂತು ಮಾತಾಡದ ವಿದ್ಯಾರ್ಥಿ ಇದರಲ್ಲಿ ಪೂರ್ತಿ ಅಂಕ ಪಡೆಯಬಹುದು, ಪಡೆದಿದ್ದಾರೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ.

ಅರವತ್ತು ಮಕ್ಕಳ ತರಗತಿಯಲ್ಲಿ ಮೌಖಿಕ ಅಭ್ಯಾಸಕ್ಕೆ ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಲೆಕ್ಕ ಹಾಕೋಣ. ಒಬ್ಬರಿಗೆ 5 ನಿಮಿಷದಂತೆ 60 ಜನಕ್ಕೆ 300 ನಿಮಿಷ, ಅಂದರೆ 5 ಗಂಟೆ. ವಾರಕ್ಕೆ 4 ಗಂಟೆಯ ಪಾಠ 15 ವಾರ ನಡೆದರೆ ಸೆಮಿಸ್ಟರಿಗೆ 60 ಗಂಟೆ. ಪ್ರತಿ ವಿದ್ಯಾರ್ಥಿಗೂ ಮೂರು ಸರದಿ ಕೊಟ್ಟರೂ ತಗಲುವುದು 15 ಗಂಟೆ, ಒಟ್ಟು ಪಾಠದ ಕಾಲುಭಾಗ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ಕೂತಿರುವ ಹಿರಿಯರಲ್ಲಿ ನನ್ನ ವಿನಂತಿ ಇದೊಂದೇ: ಆ 15 ಗಂಟೆಗಳನ್ನು ಪಠ್ಯಕ್ರಮದಲ್ಲಿ ಬರೆದು ಕೊಡಿ, ಅದಕ್ಕೆ ಅಂಕವನ್ನೂ ಇಡಿ. ಮೂರು ಸರದಿಗಳಲ್ಲಿ ಮೊದಲನೆಯದನ್ನು ಕನ್ನಡಕ್ಕೆ ಬಿಡಿ.